ಮನೆಗೊಬ್ಬರು ಅಂದಮೇಲೆ

ಲಹನಿ ದಿದಿ ರಾಜಕೀಯಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ನೇಪಾಳದ ನಮ್ಮ ಸೆಮರ್ವಾ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಗಂಡ ತೀರಿಹೋದ ದುಃಖ ಮರೆಯಲು ಬಂದಳು ಎನ್ನುವವರಿದ್ದಾರೆ. ಅವಳ ಗಂಡ, ಅಂದರೆ ನನ್ನ ದೊಡ್ಡ ಭಾವ, ಈಗಲೂ ಗಟ್ಟಿಮುಟ್ಟಾಗಿ ಹಿತ್ತಲಲ್ಲಿ ಹಂದಿಗಳಿಗೆ ತೌಡು ಕಲಸುತ್ತಿದ್ದಾನೆ. ಪೇಟೆಯ ಯಾವುದೋ ಸಂಸ್ಥೆಯವರು ತರಬೇತಿ ಕೊಟ್ಟು ಬಾಯಿ ಬಿಡಿಸಿದರು ಎನ್ನುವವರಿದ್ದಾರೆ. ಸಂಸ್ಥೆಯವರು ಬಂದದ್ದು ಅವಳು ಊರಿನ ಬಡಘರ್, ಅಂದರೆ ಮುಖ್ಯಸ್ಥೆ, ಆದಮೇಲೆ, ಅದೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು. ನಾನು ಆ ಮನೆಯ ಕೊನೆಯ ಸೊಸೆ. ಅವಳು ಒಲೆಯ ಒಂದು ಬದಿಗೆ, ನಾನು ಇನ್ನೊಂದು ಬದಿಗೆ ಕೂತು ಅರ್ಧ ಆಯುಷ್ಯ ಕಳೆದಿದ್ದೇವೆ. ಆದರೂ ನನಗೂ ಪೂರ್ತಿ ಗೊತ್ತು ಎಂದು ಎದೆ ತಟ್ಟಿ ಹೇಳಲಾರೆ. ಗೊತ್ತಿದ್ದಷ್ಟು ಹೇಳುತ್ತೇನೆ.

ನಾನು ಮದುವೆಯಾಗಿ ಬಂದಾಗ ನಮ್ಮದು ಮೂವತ್ತು ಜನರ ಉದ್ದನೆಯ ಮನೆ. ಅತ್ತೆ ಇರಲಿಲ್ಲ, ಹಿರಿಸೊಸೆ ಲಹನಿ ದಿದಿಯೇ ಒಳಗಿನ ಯಜಮಾನಿ. ಸಂಕ್ರಾಂತಿಯ ಹೊತ್ತಿನ ಮಾಘಿ ಹಬ್ಬ ಮುಗಿದ ಮೇಲೆ ವರ್ಷದ ಕೆಲಸ ಹಂಚುವುದು ನಮ್ಮ ಪದ್ಧತಿ. ಎತ್ತು ಯಾರಿಗೆ, ನೇಗಿಲು ಯಾರಿಗೆ ಎಂದು ಗಂಡಸರ ಕೆಲಸವನ್ನು ಯಜಮಾನ ಹಂಚಿದರೆ, ಒಲೆ, ನೀರು, ಮೀನು, ಹಂದಿ, ಒರಳು ಎಂದು ಹೆಂಗಸರ ಕೆಲಸವನ್ನು ಯಜಮಾನಿ ಹಂಚುತ್ತಾಳೆ. ಕಾಲಲ್ಲಿ ತುಳಿದು ಭತ್ತ ಕುಟ್ಟುವ ಒರಳು ಯಾವಾಗಲೂ ಕಿರಿಯ ಸೊಸೆಯ ಪಾಲು. ನನ್ನ ತವರಿನಲ್ಲೂ ಹಾಗೇ ಇತ್ತು. ಹಾಗಾಗಿ ನಾನು ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಸಿದ್ಧಳಾಗಿಯೇ ಕೂತಿದ್ದೆ.

ಲಹನಿ ದಿದಿ ನನ್ನ ಕಡೆ ನೋಡಿದಳು. ಆಮೇಲೆ ಎರಡನೇ ಸೊಸೆಯ ಕಡೆ ತಿರುಗಿ, "ಒರಳು ಕಿರಿಯವಳಿಗೇ ಯಾಕೆ?" ಎಂದಳು.

"ಯಾಕೆ ಅಂದ್ರೆ? ನಾವೆಲ್ಲ ಕುಟ್ಟಿಲ್ವಾ? ಅವಳೂ ಕುಟ್ಲಿ."

"ನೀನು ಕುಟ್ತಿದ್ದಾಗ ನಿಂಗೆ ಏನನ್ನಿಸ್ತಿತ್ತು?"

"ಏನನ್ಸತ್ತೆ? ಈ ಮನೆಗೆ ಬೆಂಕಿ ಬೀಳ್ಲಿ ಅನ್ನಿಸ್ತಿತ್ತು."

ಎಲ್ಲರೂ ನಕ್ಕರು. ದಿದಿ ನಗಲಿಲ್ಲ. "ನಂಗೂ ಹಾಗೇ ಅನ್ನಿಸ್ತಿತ್ತು. ಈಗ ಇವಳೂ ಕೂತು ಬೆಂಕಿ ಬೀಳ್ಲಿ ಅಂತ ಶಾಪ ಹಾಕಿದ್ರೆ ಮನೆ ಉಳಿಯುತ್ತಾ?" ಎಂದಳು.

ಆ ವರ್ಷದಿಂದ ಒರಳು ಸರದಿಯ ಮೇಲೆ ಬಂತು. ಒಮ್ಮೆ ಎರಡನೇ ಸೊಸೆಗೆ ಜ್ವರ ಬಂದಾಗ ಅವಳ ಸರದಿಯನ್ನು ಅವಳ ಗಂಡನೇ ತುಳಿಯಬೇಕಾಯಿತು. ದಾರಿಯಲ್ಲಿ ಹೋಗುವವರೆಲ್ಲ ಬೇಲಿಯ ಹತ್ತಿರ ನಿಂತು, "ಏನಮ್ಮಾ ಹೊಸ ಸೊಸೆ, ಚೆನ್ನಾಗಿದೀಯಾ?" ಎಂದು ಕೇಳಿಕೊಂಡು ಹೋದರು. ಆ ಭಾವ ಹಲ್ಲು ಕಚ್ಚಿಕೊಂಡು ತುಳಿದ. ಸಂಜೆ ಅವನೇ ನನ್ನ ಗಂಡನಿಗೆ, "ಕಾಲು ನಂದಲ್ಲ ಅನ್ನಿಸ್ತಿದೆ ಕಣೋ, ಇವರು ಹೇಗೆ ತುಳೀತಾರೋ" ಎಂದದ್ದನ್ನು ನಾನು ಕೇಳಿಸಿಕೊಂಡೆ.

ಅವಳ ಪ್ರಶ್ನೆಗಳು ಹೀಗೇ ಇರುತ್ತಿದ್ದವು. ಕುಟುಕುವ ಉದ್ದೇಶ ಇರುತ್ತಿರಲಿಲ್ಲ. ಮಕ್ಕಳು ಗಡಿಯಾರದ ಹಿಂಬದಿ ಬಿಚ್ಚಿ ನೋಡುತ್ತಾರಲ್ಲ, ಅಂಥ ಕುತೂಹಲ.

ನಮ್ಮ ಥಾರು ಜನರ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಾಘಿಯ ಬೆನ್ನಿಗೇ, ಊರಸಭೆ ಕೂಡಿ ಬಡಘರನನ್ನು ಆರಿಸುತ್ತದೆ. ಕಾಲುವೆಯ ಹೂಳೆತ್ತಿಸುವುದು, ಬೇಲಿ ಜಗಳ ತೀರಿಸುವುದು, ಊರ ಪೂಜೆ ನಡೆಸುವುದು ಎಲ್ಲ ಅವನದೇ ಜವಾಬ್ದಾರಿ. ಬಡಘರ್ ಎಂದರೆ ಪತಿರಾಮ್ ಕಾಕಾ ಎಂದೇ ನಾವು ತಿಳಿದಿದ್ದೆವು. ಪ್ರತಿವರ್ಷ ಅವನನ್ನೇ ಆರಿಸುತ್ತಿದ್ದರು. ಸಭೆ ಅವನ ಮನೆಯೊಳಗೆ ಭತ್ತ ತುಂಬಿಡುವ ಮಣ್ಣಿನ ದೊಡ್ಡ ವಾಡೆಗಳ ನಡುವೆ ಕೂಡುತ್ತಿತ್ತು. ಗಂಡಸರು ಚಾಪೆಯ ಮೇಲೆ, ನಾವು ಹೆಂಗಸರು ಅಕ್ಕಿಯ ಹೆಂಡ ಜಾಂಡ್ ತುಂಬಿದ ಕೊಡ ಹಿಡಿದು ಬಾಗಿಲಲ್ಲಿ. ಲೋಟ ಬರಿದಾದಾಗ ಒಳಗೆ ಹೋಗಿ ಸುರಿಯುವುದು, ಹೊರಗೆ ಬರುವುದು. ಹಾಗಾಗಿ ಪ್ರತಿ ಮಾತೂ ನಮಗೆ ಅರ್ಧರ್ಧವೇ ಕೇಳುತ್ತಿತ್ತು.

ಒಂದು ಸಲ ಕಾಲುವೆಯ ಮಾತು ಬಂತು. ಬೆಲ್ಮತಿ ಎಂಬ ವಿಧವೆಯ ಮನೆಯಲ್ಲಿ ದುಡಿಯುವ ಗಂಡಾಳು ಇರಲಿಲ್ಲ. ಹೂಳೆತ್ತಲು ಮನೆಗೊಂದು ಆಳು ಕಳಿಸಬೇಕಲ್ಲ, ಅವಳೇ ಗುದ್ದಲಿ ಹಿಡಿದು ಹೋಗಿದ್ದಳು. ಸಭೆ ಅವಳನ್ನು ಅರ್ಧ ಆಳು ಎಂದು ಹಿಡಿಯಿತು. ಉಳಿದರ್ಧಕ್ಕೆ ಅವಳು ಇನ್ನಷ್ಟು ದಿನ ಅಗೆಯಬೇಕು ಎಂದಾಯಿತು. ಆಗ ಲಹನಿ ದಿದಿ ಪತಿರಾಮ್ ಕಾಕಾನ ಲೋಟಕ್ಕೆ ಜಾಂಡ್ ಸುರಿಯುತ್ತಿದ್ದಳು. ಸುರಿಯುತ್ತಲೇ ಕೇಳಿದಳು:

"ಕಾಕಾ, ಬೆಲ್ಮತಿ ಅಗೆದ ಕಡೆ ಕಾಲುವೇಲಿ ನೀರು ಅರ್ಧಾನೇ ಹರಿಯುತ್ತಾ?"

ಒಳಗೆ ಯಾರೋ ಒಬ್ಬ ತಡೆಯಲಾರದೆ ಕಿಸಕ್ಕೆಂದ. ಕಾಕಾನ ಮುಖ ಕೆಂಪಾಯಿತು. "ಜಾಂಡ್ ಸುರಿಯೋಕೆ ಬಂದವಳು ಮಾತು ಸುರೀತಿದೀಯಲ್ಲ?"

"ಎರಡೂ ತುಂಬಿತ್ತು ಕಾಕಾ, ಎರಡನ್ನೂ ಸುರಿದುಬಿಟ್ಟೆ" ಎಂದು ಅವಳು ಹೊರಗೆ ಬಂದಳು.

ಬೆಲ್ಮತಿಯ ವಿಷಯ ಆ ವರ್ಷ ಬದಲಾಗಲಿಲ್ಲ. ಆದರೆ ಮನೆಗೆ ಮರಳುವಾಗ ನಾನು ಅವಳನ್ನು ಕೇಳಿದೆ, "ದಿದಿ, ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ? ನಮ್ಮ ಮನೇಲಿ ಆಳಿಗೇನು ಬರವಾ?"

ಅವಳು ಬರಿಗೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಬಿಸನಿ, ನಿಜ ಹೇಳ್ಲಾ? ಮದುವೆಯಾಗಿ ಬಂದಾಗಿಂದ ಬಾಗಿಲಲ್ಲಿ ನಿಂತು ಅರ್ಧ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಅದರ ಇನ್ನರ್ಧ ಏನು ಅಂತ ಒಂದ್ಸಲ ಒಳಗೆ ಕೂತು ಕೇಳ್ಬೇಕು. ಅಷ್ಟೇ ಆಸೆ" ಎಂದಳು.

ಈ ಮಾತನ್ನು ನಾನು ಆಮೇಲೆ ಪತ್ರಿಕೆಯವರಿಗೂ ಹೇಳಿದ್ದೇನೆ. ಅವರು ಬರೆದುಕೊಳ್ಳಲಿಲ್ಲ. ಬಡತನ, ಕಣ್ಣೀರು ಏನಾದರೂ ಇದೆಯಾ ಎಂದು ಕೇಳಿದರು.

ದಂಗೆಕೋರರಿಗೂ ಸರ್ಕಾರಕ್ಕೂ ಯುದ್ಧ ನಡೆದ ಬಂದೂಕಿನ ಕಾಲ ಮುಗಿದ ಮರುವರ್ಷದ ಮಾಘಿ. ಹಬ್ಬದ ಸಂಜೆ ನಮ್ಮ ಊರಿನ ಚೌಕಿದಾರ ಜೋಖನ್ ದಾದಾ ಓಣಿಯಲ್ಲಿ ಸಭೆಯ ಕೂಗು ಹಾಕಿಕೊಂಡು ಬಂದ: "ಮನೆಗೊಬ್ರು ಬರ್ಬೇಕೋ! ನಾಳೆ ಬೆಳಿಗ್ಗೆ ಬಡಘರ್ ಮನೆಗೆ, ಮನೆಗೊಬ್ರು!" ಲಹನಿ ದಿದಿ ಅವನನ್ನು ಕರೆದು ಕೂರಿಸಿ, ಹಂದಿಮಾಂಸ, ಆವಿಯಲ್ಲಿ ಬೆಂದ ಅಕ್ಕಿಹಿಟ್ಟಿನ ಢಿಕ್ರಿ ಇಟ್ಟಳು. ಅವನು ಬಾಯಿ ತುಂಬಿಕೊಂಡಿದ್ದಾಗ ಕೇಳಿದಳು:

"ದಾದಾ, ನಿಮ್ಮಪ್ಪ ಕೂಗ್ತಿದ್ದದ್ದೂ ಇದೇ ಮಾತಾ?"

"ಇದೇ. ನಮ್ಮಜ್ಜಂದೂ ಇದೇ."

"ಗಂಡಸ್ರು ಬನ್ನಿ ಅಂತ ಯಾವತ್ತೂ ಕೂಗಿಲ್ವಾ?"

"ಯಾಕೆ ಕೂಗ್ಬೇಕು? ಬರೋರು ಗಂಡಸ್ರೇ ಅಲ್ವಾ?"

"ಸರಿ ಹಾಗಾದ್ರೆ. ಇನ್ನೊಂದು ಢಿಕ್ರಿ ತಿನ್ನಿ."

ಜೋಖನ್ ದಾದಾ ತಿಂದು ಹೋದಮೇಲೆ ಅವಳು ಒಂದೊಂದೇ ಮನೆಯ ಹಿತ್ತಲ ಬಾಗಿಲಿಗೆ ಹೋದಳು. ಹೋದಲ್ಲೆಲ್ಲ ಅವಳು ಹೇಳಿದ್ದು ಒಂದೇ: "ಸಭೇಲಿ ಕೂರೋದೂ ಒಂದು ಕೆಲಸಾನೇ ಅಲ್ವಾ? ನಮಗೆ ಕೆಲಸ ಹಂಚೋದು ಯಜಮಾನಿ ತಾನೆ? ನಾಳೆ ನಿಮ್ಮನೆಯಿಂದ ಆ ಕೆಲಸ ಯಾರಿಗೆ ಹಂಚ್ತೀಯ, ನೋಡ್ಕೋ."

ಮರುದಿನ ಬೆಳಿಗ್ಗೆ ಚಳಿಯ ಮಂಜು ಇನ್ನೂ ಬಿಟ್ಟಿರಲಿಲ್ಲ. ಗಂಡಸರು ಹಬ್ಬದ ಜಾಂಡ್ ಕುಡಿದು ರಗ್ಗು ಹೊದ್ದು ಬಿದ್ದಿದ್ದರು. ಹೆಂಗಸರು ಎದ್ದು, ಮುಖ ತೊಳೆದು, ಶಾಲು ಸುತ್ತಿಕೊಂಡು ಪತಿರಾಮ್ ಕಾಕಾನ ಅಂಗಳಕ್ಕೆ ಬಂದರು. ಬೇಗ ಎದ್ದ ಕೆಲವು ಗಂಡಸರೂ ಬಂದಿದ್ದರು, ಆದರೆ ಹೆಂಗಸರೇ ಹೆಚ್ಚು; ನಾನು ಎಂದಿನಂತೆ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಾಕಾ ಹೊರಗೆ ಬಂದು ಕಣ್ಣುಜ್ಜಿಕೊಂಡ.

"ಇದೇನ್ರೇ? ಎಲ್ಲ ಸೇರಿ ಮೀನು ಹಿಡಿಯೋಕೆ ಹೊರಟ್ರಾ? ಕೈಬಲೆ ಎಲ್ಲಿ?"

"ಮನೆಗೊಬ್ರು ಅಂದ್ರಲ್ಲ ಕಾಕಾ. ನಮ್ಮನೆಯಿಂದ ನಾನು" ಎಂದಳು ದಿದಿ.

"ನಿನ್ನ ಗಂಡ ಎಲ್ಲಿ?"

"ಮಲಗಿದಾನೆ. ಎಬ್ಬಿಸಿ ಕಳಿಸ್ಲಾ? ನಿಮ್ಮ ಅಂಗಳದಲ್ಲೇ ವಾಂತಿ ಮಾಡ್ತಾನೆ ಅಷ್ಟೇ."

ಕಾಕಾ ಜೋಖನ್ ದಾದಾನ ಕಡೆ ತಿರುಗಿದ. "ಏನಂತ ಕೂಗಿದ್ಯೋ?" ಜೋಖನ್ ಹೆದರಿಕೊಂಡೇ ಕೂಗಿ ತೋರಿಸಿದ. ಕಾಕಾ ಇನ್ನೊಮ್ಮೆ ಕೂಗಿಸಿದ. ಆಮೇಲೆ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಪದ್ಧತಿ ಎಂದರೆ ಪ್ರಾಣ ಬಿಡುವವನು. ಈಗ ಪದ್ಧತಿಯ ಕೂಗೇ ಹೆಂಗಸರನ್ನು ಕರೆದುಬಿಟ್ಟಿತ್ತು. ಕಡೆಗೆ, "ಕೂಗು ಹಾಗಿದ್ಮೇಲೆ ಕೂತ್ಕೊಳ್ಳಿ ಮತ್ತೆ. ಚಾಪೆ ಸಾಲಲ್ಲ, ನಿಮ್ಮನೇದು ತಂದ್ಕೊಳ್ಳಿ" ಎಂದ.

ಆ ವರ್ಷ ತನಗೆ ವಯಸ್ಸಾಯಿತು, ಬೇರೆಯವರು ಆಗಲಿ ಎಂದು ಕಾಕಾ ಮೊದಲೇ ಹೇಳಿದ್ದ. ಅವನ ತಮ್ಮನ ಮಗ ಲೌಟನ್ ಬಡಘರ್ ಆಗುವ ಆಸೆಯಿಂದ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಅವನ ಹೆಸರು ಬಂದಕೂಡಲೇ ಹಿಂದಿನ ಸಾಲಿನಿಂದ ಬೆಲ್ಮತಿ, "ಲಹನಿ ಆಗ್ಲಿ" ಎಂದಳು. ಪಕ್ಕದವಳೂ "ಲಹನಿ" ಎಂದಳು. ಲೌಟನ್ ಎದ್ದು ನಿಂತ.

"ಅಲ್ಲ, ಹೆಂಗಸು ಬಡಘರ್ ಆದ್ರೆ ಪಕ್ಕದ ಊರೋರು ನಗಲ್ವಾ? ಕಾಲುವೆ ನೀರಿಗೆ ಮೇಲಿನೂರೋರ ಹತ್ರ ಬಡಿದಾಡೋಕೆ ಇವಳು ಹೋಗ್ತಾಳಾ?"

"ಬಡಿದಾಡಿ ಬಡಿದಾಡಿ ಎಷ್ಟು ನೀರು ತಂದೆ ಲೌಟನ್?" ಎಂದಳು ದಿದಿ. ವ್ಯಂಗ್ಯವಿರಲಿಲ್ಲ, ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ಲೌಟನ್ ಯೋಚಿಸಿದ. ಹೋದ ವರ್ಷ ಎರಡು ತಲೆ ಒಡೆದದ್ದು ಬಿಟ್ಟರೆ ಏನೂ ತಂದಿರಲಿಲ್ಲ. ಕೂತುಬಿಟ್ಟ.

"ಒಂದು ವರ್ಷ ನೋಡೋಣ" ಎಂದ ಪತಿರಾಮ್ ಕಾಕಾ. ಎಲ್ಲ ಬಡಘರರಿಗೂ ಸಿಗುವುದು ಒಂದೇ ವರ್ಷ ಎಂದು ಯಾರೂ ನೆನಪಿಸಲಿಲ್ಲ.

ಭಾವ ಮಧ್ಯಾಹ್ನ ಎದ್ದು ಬಂದಾಗ ಅವನ ಹೆಂಡತಿ ಊರಿಗೆ ಯಜಮಾನಿಯಾಗಿದ್ದಳು. "ಹಾಗಾದ್ರೆ ಇವತ್ತು ಊಟ ಯಾರು ಬಡಿಸ್ತಾರೆ?" ಎಂದಷ್ಟೇ ಕೇಳಿದ.

ಮೇಲಿನೂರಿನ ನೀರಿನ ವಿಷಯವನ್ನು ಅವಳು ಹೇಗೆ ಬಗೆಹರಿಸಿದಳೆಂದು ಗಂಡಸರಿಗೆ ಕೊನೆಗೂ ತಿಳಿಯಲಿಲ್ಲ. ಹೂಳೆತ್ತಲು ಕಾಲುವೆಯ ನೀರು ತಡೆದಾಗ ಎರಡೂ ಊರಿನ ಹೆಂಗಸರು ಅದರ ಗುಂಡಿಗಳಿಗಿಳಿದು ಮೀನು ಹಿಡಿಯುತ್ತೇವೆ. ಮೊಣಕಾಲುದ್ದ ಕೆಸರಲ್ಲಿ ಕೈಬಲೆ ಹಿಡಿದು ನಿಂತೇ ಅವಳು ಮೇಲಿನೂರಿನ ಬಡಘರನ ಹೆಂಡತಿಯೊಡನೆ ಮಾತು ಮುಗಿಸಿದ್ದಳು. ಆ ಹೆಂಗಸು ಮನೆಗೆ ಹೋಗಿ ಗಂಡನಿಗೆ ಏನು ಹೇಳಿದಳೋ, ದಿನ ಬಿಟ್ಟು ದಿನ ನೀರು ಬಂತು. ಬೆಲ್ಮತಿಯನ್ನು ಪೂರ್ತಿ ಆಳೆಂದು ಹಿಡಿದದ್ದೂ ಆ ವರ್ಷವೇ.

ಎಲ್ಲವನ್ನೂ ಅವಳು ಸರಿಯಾಗಿ ಮಾಡಿದಳೆಂದಲ್ಲ. ಮುಂದಿನ ಮಾಘಿಗೂ ಅವಳನ್ನೇ ಆರಿಸಿದರು, ಆಗ ಊರಲ್ಲಿ ಜಾಂಡ್ ಬೇಡ ಎಂದು ಹೇಳಿಬಿಟ್ಟಳು. ಕುಡಿದ ಗಂಡಂದಿರ ಕೈಯಲ್ಲಿ ಪೆಟ್ಟು ತಿಂದವರು ಅವಳ ಹತ್ತಿರ ಅತ್ತಿದ್ದರು, ಅದು ನಿಜ. ಆದರೆ ಜಾಂಡ್ ಇಲ್ಲದೆ ನಮ್ಮ ದೇವರಿಗೂ ಹಬ್ಬವಾಗುವುದಿಲ್ಲ. ಮುದುಕಿಯರೇ ಮೊದಲು ಎದ್ದರು: "ನಾನು ಬೇಯಿಸಿ, ಹುಳಿ ಬರಿಸಿ, ಸೋಸೋದನ್ನ ಇವಳು ಬಿಡು ಅಂತಾಳಾ? ಹೊಡೆಯೋನ ಕೈ ಹಿಡೀಲಿ, ನನ್ನ ಕೊಡ ಯಾಕೆ ಹಿಡೀತಾಳೆ?" ದಿದಿ ಆ ಮಾತನ್ನು ಎರಡು ದಿನ ಮೆಲುಕು ಹಾಕಿ, ತಪ್ಪಾಯಿತು ಎಂದು ಅಪ್ಪಣೆ ಹಿಂತೆಗೆದುಕೊಂಡಳು. ಹೊಡೆದವನು ಊರಸಭೆಯ ಮುಂದೆ ಬಂದು ಕೂರಬೇಕು ಎಂಬ ಕಟ್ಟಳೆ ಅದರ ಬದಲಿಗೆ ಬಂತು.

ಅವಳ ಹೆಸರು ಹತ್ತೂರಿಗೆ ಹೋದದ್ದು ಲೌಟನ್‌ನ ಮಗಳು ರಮ್ಕಲಿಯಿಂದ.

ಆ ಕಾಲದಲ್ಲಿ ಮಾಘಿ ಬಂತೆಂದರೆ ಪೇಟೆಯವರು ಬಂದು ನಮ್ಮ ಹುಡುಗಿಯರನ್ನು ಮನೆಗೆಲಸಕ್ಕೆ ಕರೆದೊಯ್ಯುತ್ತಿದ್ದರು. ಓದಿಸುತ್ತೇವೆ, ಮಗಳ ಹಾಗೆ ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದರು. ನೇಪಾಲಗಂಜಿನಿಂದ ಒಬ್ಬ ಮಾಸ್ತರ್ ಬಂದು ಲೌಟನ್‌ನ ಜಗಲಿಯಲ್ಲಿ ಕೂತ. ಒಳ್ಳೆಯ ಕೋಟು, ಮೆತ್ತನೆಯ ಮಾತು. ಬಡಘರ್ ಒಪ್ಪಿಗೆ ಬೇಕೆಂದು ಲೌಟನ್ ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದ.

"ಹುಡುಗಿ ಶಾಲೆಗೆ ಹೋಗ್ತಾಳೆ, ಒಂಚೂರು ಕೈಗೆಲಸಕ್ಕೆ ಒದಗ್ತಾಳೆ. ನಿನಗೇನು ಅಭ್ಯಂತರ?" ಎಂದ ಮಾಸ್ತರ್.

"ಅಭ್ಯಂತರ ಏನಿಲ್ಲ ಮಾಸ್ತರೇ" ಎಂದಳು ದಿದಿ. "ಹೆಣ್ಣು ಕೊಡೋ ಮೊದಲು ನಾವು ಮನೆ ನೋಡ್ತೀವಿ. ಮಗಳ ಹಾಗೆ ಇಟ್ಕೋತೀನಿ ಅಂದ್ರಲ್ಲ, ಅಂದ್ಮೇಲೆ ಹೆಣ್ಣು ಕೊಟ್ಟ ಹಾಗೇ. ನಾನೂ ಬರ್ತೀನಿ. ನಾಕು ದಿನ ಇದ್ದು ನೋಡ್ಕೊಂಡು ಬಿಟ್ಟು ಬರ್ತೀನಿ."

ಮಾಸ್ತರ್ ನಕ್ಕ. ತಮಾಷೆ ಎಂದುಕೊಂಡಿರಬೇಕು. ಬಸ್ಸಿನಲ್ಲಿ ಅವನ ಹಿಂದಿನ ಸೀಟಿನಲ್ಲಿ ಅವಳು, ನಾನು, ನಡುವೆ ರಮ್ಕಲಿ ಕೂತಮೇಲೆ ಅವನ ನಗು ನಿಂತಿತು.

ಆ ಮನೆಯಲ್ಲಿ ನಾವು ಅಡುಗೆಮನೆಯ ನೆಲದ ಮೇಲೆ ಕೂತೆವು, ಕೂತೇ ಇದ್ದೆವು. ಮಾಸ್ತರ್‌ನ ಹೆಂಡತಿ ಚಹಾ ಕೊಟ್ಟಳು, ಊಟ ಕೊಟ್ಟಳು, "ಯಾವಾಗ ಹೊರಡ್ತೀರಿ?" ಎಂದು ಕೇಳಿದಳು. ದಿದಿ ಸುಮ್ಮನೆ ಸೊಪ್ಪು ಬಿಡಿಸಿಕೊಟ್ಟಳು, ಪಾತ್ರೆ ತೊಳೆದುಕೊಟ್ಟಳು, ನಡುನಡುವೆ ಕೇಳಿದಳು: "ಅಮ್ಮಾ, ಶಾಲೆ ಎಷ್ಟು ಹೊತ್ತಿಗೆ? ಆ ಹೊತ್ತಲ್ಲಿ ಅನ್ನಕ್ಕೆ ಇಡೋರು ಯಾರು? ನಿಮ್ಮ ಮಗಳು ಏಳೋದು ಎಷ್ಟೊತ್ತಿಗೆ? ಅವಳಿಗಿಂತ ಮುಂಚೆ ಇವಳು ಏಳ್ಬೇಕಾ?" ಆ ಹೆಂಗಸಿಗೆ ಮೊದಲು ಸಿಟ್ಟು ಬಂತು, ಆಮೇಲೆ ದಣಿವು. ಒಮ್ಮೆ ತಾನೂ ನೆಲದ ಮೇಲೆ ಕೂತು, "ನಾನು ಹಗಲೆಲ್ಲ ಆಫೀಸಲ್ಲಿ ಸಾಯ್ತೀನಿ, ಇವರು ಒಂದು ಲೋಟ ಎತ್ತಿಡಲ್ಲ. ನಾನೇನು ಮಾಡ್ಲಿ ಹೇಳು?" ಎಂದಳು. ದಿದಿ ಅವಳ ಮುಖವನ್ನೇ ನೋಡಿದಳು. ಆ ಪ್ರಶ್ನೆ ದಿದಿಗೆ ಹೊಸದಾಗಿತ್ತು. ಬಹಳ ವರ್ಷ ಅದು ಅವಳ ತಲೆಯಿಂದ ಹೋಗಲಿಲ್ಲ.

ಆ ಮನೆಯಲ್ಲಿ ಆಗಲೇ ಒಬ್ಬ ಹುಡುಗಿ ಇದ್ದಳು. ಸೀತಲಿ ಎಂದು ಹೆಸರು, ನಮ್ಮವಳೇ, ನದಿಯಾಚೆಯ ಊರಿನವಳು. ಮದುವೆ ವಯಸ್ಸು ಬಂದಿದ್ದರಿಂದ ಅವಳನ್ನು ಕಳಿಸಿ ರಮ್ಕಲಿಯನ್ನು ಇಟ್ಟುಕೊಳ್ಳುವ ಯೋಚನೆ. ಮೆಟ್ಟಿಲ ಕೆಳಗೆ ಅವಳ ಹಾಸಿಗೆ. ಅವಳಿಗೆ ನಮ್ಮ ಮಾತೇ ಮರೆತುಹೋಗುತ್ತಿತ್ತು. ಒಂದು ಮಾತು ಥಾರುವಿನಲ್ಲಿ, ಮುಂದಿನದು ನೇಪಾಳಿಯಲ್ಲಿ. ದಿದಿ ಅವಳನ್ನು, "ಶಾಲೆಗೆ ಹೋಗಿದ್ಯಾ ಮಗಾ?" ಎಂದು ಕೇಳಿದಳು.

"ಹೂಂ ಅಕ್ಕಾ, ದಿನಾ ಹೋಗ್ತೀನಿ."

"ಹೌದಾ?"

"ಈ ಮನೆ ತಂಗೀನ ಬಿಡೋಕೆ, ಕರ್ಕೊಂಡ್ ಬರೋಕೆ."

ದಿದಿ ಎದ್ದಳು. ಮಾಸ್ತರ್ ಮನೆಗೆ ಬರುವವರೆಗೆ ಕಾದು, ಕೈಮುಗಿದು, "ಮನೆ ನೋಡಿದ್ವಿ ಮಾಸ್ತರೇ. ಸಂಬಂಧ ಬೇಡ" ಎಂದಳು. ರಮ್ಕಲಿಯ ಕೈಹಿಡಿದು ಹೊರಟೆವು. ಸೀತಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದಿದಿ ಅವಳ ಊರು, ಅಪ್ಪನ ಹೆಸರು ಕೇಳಿಕೊಂಡಳು. ಮನೆಗೆ ಬಂದವಳು ನೀರು ಕುಡಿದು ನೇರ ನದಿ ದಾಟಿ ಸೀತಲಿಯ ಊರಿಗೆ ಹೋದಳು, ಅಲ್ಲಿನ ಬಡಘರನ ಜೊತೆ ಸೀತಲಿಯ ಅಪ್ಪನನ್ನು ಕೂರಿಸಿ ಮಾತಾಡಿದಳು. ಮಾಘ ಮುಗಿಯುವುದರೊಳಗೆ ಸೀತಲಿ ಊರಿಗೆ ಬಂದಳು.

ಆಮೇಲೆ ಪ್ರತಿ ಮಾಘಿಗೆ ಅವಳದು ಅದೇ ಕೆಲಸವಾಯಿತು. ಯಾವ ಊರಿನಲ್ಲಿ ಹುಡುಗಿಯನ್ನು ಕಳಿಸುವ ಮಾತು ಬರುತ್ತದೋ ಅಲ್ಲಿಗೆ ಹೋಗಿ, "ಮನೆ ನೋಡಿದೀರಾ?" ಎಂದು ಕೇಳುವುದು. ಒಂದಷ್ಟು ಕಡೆ ಬೈಸಿಕೊಂಡಳು, ಒಂದು ಊರಿನಲ್ಲಿ ನಾಯಿ ಬಿಟ್ಟರು. ಆದರೆ ಹೆಣ್ಣು ಕೊಡುವ ಮೊದಲು ಮನೆ ನೋಡಬೇಕು ಎಂಬುದಕ್ಕೆ ಇಲ್ಲ ಎನ್ನುವ ಥಾರು ಎಲ್ಲಿದ್ದಾನೆ?

ಸುತ್ತಲ ಊರುಗಳೆಲ್ಲ ಸೇರಿ ನಗರಪಾಲಿಕೆ ಆಗಿ, ಬಹಳ ವರ್ಷಗಳ ಮೇಲೆ ಸ್ಥಳೀಯ ಚುನಾವಣೆ ಬಂದಾಗ ಪಾರ್ಟಿಯವರೇ ನಮ್ಮ ಅಂಗಳಕ್ಕೆ ಬಂದರು. ಬಂದವನು ಥಾಪಾ ಎಂಬ ಬಿಳಿ ಮೀಸೆಯ ನಾಯಕ. ಬಸವನಹುಳುವಿನ ಸಾರು ಬಡಿಸಿದೆವು. ಚಿಪ್ಪಿಗೆ ಬಾಯಿಟ್ಟು ಹೀರಲು ಬಾರದೆ ಒದ್ದಾಡುತ್ತ, "ದಿದಿ, ನಿಮ್ಮನ್ನ ಉಪಮೇಯರ್ ಮಾಡ್ಬೇಕು ಅಂತ ಪಾರ್ಟಿ ತೀರ್ಮಾನ ಮಾಡಿದೆ" ಎಂದ.

"ಮೇಯರ್ ಯಾರು?"

"ಮೇಯರ್ ನಾನು."

"ಉಪ ಆದ್ರೆ ಒಳಗೆ ಕೂರಬಹುದಾ, ಬಾಗಿಲಲ್ಲಿ ನಿಲ್ಬೇಕಾ?"

ಥಾಪಾನಿಗೆ ಅರ್ಥವಾಗಲಿಲ್ಲ. ಒಳಗೇ, ಒಳಗೇ ಎಂದ. ಗೆದ್ದರು, ಇಬ್ಬರೂ.

ನಮ್ಮ ನೇಪಾಳದಲ್ಲಿ ಉಪಮೇಯರ್ ಆದವರು ನ್ಯಾಯ ಸಮಿತಿಯ ಮುಖ್ಯಸ್ಥರೂ ಹೌದು. ಗಂಡಹೆಂಡಿರ ಜಗಳ, ಗಡಿಯ ಬೇಲಿ, ಮುದುಕರಿಗೆ ಅನ್ನ ಹಾಕದ ಮಕ್ಕಳು, ಎಲ್ಲ ಅವಳ ಮುಂದೆ ಬರುತ್ತಿದ್ದವು. ಮೊದಲ ದಿನ ಅವಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿ ತಿರುಗಿಬಿಟ್ಟರೆ ಎಂಬ ಹೆದರಿಕೆಯಿಂದ ಕಾಲೂರಿಕೊಂಡೇ ಕೂತಿದ್ದೆ ಎಂದು ಮನೆಗೆ ಬಂದು ನಗಿಸಿದಳು. ಸ್ವಲ್ಪ ದಿನಗಳಲ್ಲೇ ಕಚೇರಿಯಲ್ಲಿ ಜನ ಸುಳ್ಳು ಹೇಳುತ್ತಾರೆ ಎಂದು ಕಂಡುಕೊಂಡು, ಜಗಳದವರ ಮನೆಗೇ ಹೋಗಿ ಅಡುಗೆಮನೆಯಲ್ಲಿ ಕೂರತೊಡಗಿದಳು. "ಒಲೆ ನೋಡಿದ್ರೆ ಅರ್ಧ ತೀರ್ಪು ಗೊತ್ತಾಗುತ್ತೆ ಕಣೇ ಬಿಸನಿ" ಎನ್ನುತ್ತಿದ್ದಳು. ಹೆಂಡತಿಯನ್ನು ಹೊರಗೆ ಹಾಕಿದವರ ಮನೆಗೆ ಆ ಹೆಂಡತಿಯನ್ನು ಕರೆದುಕೊಂಡೇ ಹೋಗಿ ಒಲೆಯ ಮುಂದೆ ಕೂರಿಸುತ್ತಿದ್ದಳು. ಹೆಂಗಸರು ಕೊಂಡಾಡಿದರು. ಹಲವು ಗಂಡಸರು ಹಲ್ಲು ಮಸೆದರು. ನದಿಯ ಕೊರೆತಕ್ಕೆ ಒಡ್ಡು ಕಟ್ಟಿಸುತ್ತೇನೆ ಎಂದು ಕೆಳಗಿನ ಓಣಿಯವರಿಗೆ ಕೊಟ್ಟ ಮಾತನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಒಡ್ಡಿನ ಯೋಜನೆ ಮೇಯರ್ ಕೈಯಲ್ಲಿತ್ತು, ಮೇಯರ್‌ನ ಊರು ನದಿಯ ಆಚೆಗಿತ್ತು.

ಮುಂದಿನ ಚುನಾವಣೆಗೆ ಅವಳು ತಾನೇ ಪಾರ್ಟಿ ಕಚೇರಿಗೆ ಹೋಗಿ, "ಈ ಸಲ ನನಗೆ ಮೇಯರ್ ಟಿಕೆಟ್ ಕೊಡಿ" ಎಂದಳು.

ಥಾಪಾ ನಯವಾಗಿಯೇ ಹೇಳಿದ: "ದಿದಿ, ನಿಮ್ಮಂಥೋರು ಉಪ ಆಗಿದ್ರೇನೇ ಚೆಂದ."

"ಯಾರಿಗೆ ಚೆಂದ?"

"ಎಲ್ರಿಗೂ."

"ಎಲ್ರನ್ನೂ ಕೇಳಿದ್ರಾ? ನಾನು ಕೇಳಿ ಬರ್ತೀನಿ" ಎಂದು ಎದ್ದು ಬಂದವಳು ಸ್ವತಂತ್ರಳಾಗಿ ನಿಂತಳು. ಕೊಡೆಯ ಗುರುತು ಸಿಕ್ಕಿತು. ನಾವೆಲ್ಲ ಹಗಲೆಲ್ಲ ಸುತ್ತಿದೆವು. ರಮ್ಕಲಿ ಆಗ ನರ್ಸ್ ಓದು ಮುಗಿಸಿ ಬಂದಿದ್ದಳು. ಅವಳಪ್ಪ ಲೌಟನ್ ಕೊಡೆ ಹಿಡಿದು ಮುಂದೆ ನಡೆದ. ಹೋದಲ್ಲೆಲ್ಲ ಜನ ಸೇರಿದರು, ಚಹಾ ಕೊಟ್ಟರು, ಕಣ್ಣು ತುಂಬಿಕೊಂಡರು. ಗೆದ್ದೇಬಿಟ್ಟೆವು ಎಂದುಕೊಂಡೆವು.

ಸೋತಳು. ಥಾಪಾ ಗೆದ್ದ. ನಮ್ಮ ವಾರ್ಡಿನಲ್ಲೇ ಅವನಿಗೆ ಹೆಚ್ಚು ಮತ ಬಿದ್ದಿತ್ತು.

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಭಾವ ಬಾಗಿಲಲ್ಲಿ ನಿಂತು, "ಏಳೇ, ಹಂದಿ ಮರಿ ಹಾಕಿದೆ, ನೋಡು ಬಾ" ಎಂದು ಎರಡು ಮೂರು ಸಲ ಕರೆದ. ಅದೇ ಅವನ ಸಮಾಧಾನ. ಮೂರನೆಯ ದಿನ ಬೆಳಿಗ್ಗೆ ಅವಳು ಎದ್ದು ತಲೆ ಬಾಚಿಕೊಂಡು, "ಬಾ ಬಿಸನಿ, ಹೋಗೋಣ" ಎಂದಳು.

"ಎಲ್ಲಿಗೆ?"

"ಯಾಕೆ ಹಾಕ್ಲಿಲ್ಲ ಅಂತ ಕೇಳ್ಕೊಂಡ್ ಬರೋಣ."

ನಾನು ಬೇಡವೆಂದೆ. ಜನ ಜಗಳಕ್ಕೆ ಬಂದಳೆಂದುಕೊಳ್ಳುತ್ತಾರೆ, ಮಾನ ಹೋಗುತ್ತದೆ ಎಂದೆ. ಅವಳು ಆಗಲೇ ಅಂಗಳ ದಾಟಿದ್ದಳು.

ಮೊದಲ ಮನೆಯಲ್ಲಿ ಅವರು ಗಾಬರಿಯಾಗಿ, "ಅಯ್ಯೋ ದಿದಿ, ನಾವೆಲ್ಲ ನಿಮಗೇ ಮುದ್ರೆ ಒತ್ತಿದ್ದು" ಎಂದರು.

"ಸುಳ್ಳು ಬೇಡ ಕಣ್ರೋ. ಎಲ್ರೂ ನನಗೇ ಒತ್ತಿದ್ರೆ ನಾನ್ಯಾಕೆ ಮಲಗ್ತಿದ್ದೆ? ಸಿಟ್ಟಿಲ್ಲ, ಆಣೆ. ನಂಗೆ ಗೊತ್ತಾಗ್ಬೇಕು ಅಷ್ಟೇ."

ನಿಧಾನವಾಗಿ ಬಾಯಿ ಬಿಟ್ಟರು. ಒಬ್ಬ, "ನೀನು ನನ್ನ ಅಣ್ಣನ ವಿರುದ್ಧ ತೀರ್ಪು ಕೊಟ್ಟೆ" ಎಂದ. ಒಬ್ಬಳು, "ನೀನು ಹೇಗೂ ಗೆಲ್ತೀಯ ಅಂದ್ಕೊಂಡೆ. ಥಾಪಾ ಕೈಪಂಪು ಹಾಕಿಸ್ಕೊಡ್ತೀನಿ ಅಂದ. ನೀನೂ ಸಿಗ್ತೀಯ, ಪಂಪೂ ಸಿಗುತ್ತೆ ಅಂತ" ಎಂದಳು. ಕೆಳಗಿನ ಓಣಿಯವರು ನದಿ ಕೊರೆದ ಹೊಲದ ಕಡೆ ಕೈ ತೋರಿಸಿದರು. ಅವಳು ಆ ಕೊರಕಲಿನ ಅಂಚಿನವರೆಗೂ ಹೋಗಿ ನೋಡಿ ಬಂದಳು.

ಪತಿರಾಮ್ ಕಾಕಾ ಹಣ್ಣು ಹಣ್ಣು ಮುದುಕನಾಗಿ ಅಂಗಳದ ಬಿಸಿಲಲ್ಲಿ ಕೂತಿದ್ದ. "ಕಾಕಾ, ನೀವು?" ಎಂದಳು.

"ನಾನು ಹಾಕ್ಲಿಲ್ಲ."

"ಯಾಕೆ ಕಾಕಾ?"

"ನನ್ನ ಕಾಲದಲ್ಲಿ ನನ್ನನ್ನ ಇಳಿ ಅಂತ ಯಾರೂ ಅನ್ಲಿಲ್ಲ. ಕೂತು ಕೂತು ಕಿವಿ ಮಂದ ಆಗೋಯ್ತು. ನಿನ್ನ ಕಿವಿ ಚೆನ್ನಾಗಿದೆ, ಹಾಗೇ ಇರ್ಲಿ ಅಂತ."

ಅವಳು ಜೋರಾಗಿ ನಕ್ಕುಬಿಟ್ಟಳು. ಅಂಗಳ ದಾಟಿದ ಮೇಲೆ ನೋಡಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ನಗುವಿನ ನೀರೋ ನೋವಿನದೋ, ನಾನು ಕೇಳಲಿಲ್ಲ.

ಬೇರೆ ವಾರ್ಡುಗಳಿಗೂ ಹೋದಳು. ಅಲ್ಲೇ ಅವಳಿಗೆ ಒಂದು ವಿಚಿತ್ರ ಗೊತ್ತಾಯಿತು. ಎಷ್ಟೋ ಹೆಂಗಸರು ಅವಳಿಗೇ ಹಾಕಬೇಕೆಂದು ಹೋಗಿದ್ದರು. ಆದರೆ ಚಾಪೆಯಷ್ಟು ದೊಡ್ಡ ಮತಪತ್ರದಲ್ಲಿ ಕೊಡೆ ಸಿಗದೆ ಕಂಡದ್ದಕ್ಕೆ ಒತ್ತಿ ಬಂದಿದ್ದರು. ಕೆಲವರು ಗೆರೆಯ ಮೇಲೆ ಒತ್ತಿದ್ದರು, ಕೆಲವರು ಮುದ್ರೆಯ ಬದಲು ಹೆಬ್ಬೆಟ್ಟು ಒತ್ತಿದ್ದರು; ಅವೆಲ್ಲ ಲೆಕ್ಕಕ್ಕೇ ಬಂದಿರಲಿಲ್ಲ.

ಈಗ ಅವಳು ಊರೂರಿಗೆ ಹೋಗಿ ಅದನ್ನೇ ಕಲಿಸುತ್ತಾಳೆ. ರಟ್ಟಿನ ಮೇಲೆ ಕೊಡೆ, ಮರ, ಎತ್ತು, ಗಂಟೆ ಎಂದು ಬಗೆಬಗೆಯ ಗುರುತು ಬರೆಸಿದ್ದಾಳೆ. ಆಲೂಗಡ್ಡೆ ಕೊಯ್ದು ಮುದ್ರೆ, ಅರಿಶಿನದ ನೀರು ಶಾಯಿ. ಥಾಪಾನ ಪಾರ್ಟಿಯವರು ಮೊದಲು ಅನುಮಾನದಿಂದ ನೋಡಿದರು. ಅವಳು ಯಾರಿಗೆ ಒತ್ತಿ ಎಂದು ಹೇಳುವುದೇ ಇಲ್ಲ ಎಂದು ತಿಳಿದಮೇಲೆ ಅವರ ಮನೆಯ ಹೆಂಗಸರನ್ನೂ ಕಳಿಸತೊಡಗಿದರು. ಮುಂದಿನ ಸಲ ನಿಲ್ಲುತ್ತೀಯಾ ಎಂದರೆ, ಇನ್ನೂ ಯೋಚಿಸಿಲ್ಲ ಎನ್ನುತ್ತಾಳೆ.

ಮೊನ್ನೆ ನದಿಯಾಚೆಯ ಒಂದು ಊರಿಗೆ ನಾನೂ ಜೊತೆಗೆ ಹೋಗಿದ್ದೆ. ಹಲ್ಲಿಲ್ಲದ ಒಬ್ಬ ಅಜ್ಜಿ ಆಲೂಗಡ್ಡೆ ಹಿಡಿದು, ನಿಧಾನವಾಗಿ, ಒಂದೂ ಬಿಡದೆ ಎಲ್ಲ ಗುರುತಿನ ಮೇಲೂ ಒತ್ತಿದಳು. ಸುತ್ತ ಕೂತ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಎಲ್ಲದಕ್ಕೂ ಯಾಕಜ್ಜಿ?" ಎಂದಳು ದಿದಿ.

"ಎಲ್ರೂ ಮನೆ ಬಾಗಿಲಿಗೆ ಬಂದು ಕೈ ಮುಗಿದ್ರಲ್ಲಮ್ಮ" ಎಂದಳು ಅಜ್ಜಿ. "ಯಾರಿಗೆ ಅಂತ ಇಲ್ಲ ಅನ್ಲಿ?"

ದಿದಿ ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿಯ ಪಕ್ಕದಲ್ಲಿ ಕೂತಳು. "ಸರಿ, ಯಾರ್ಯಾರು ಬಂದಿದ್ರು, ಏನೇನು ಹೇಳಿದ್ರು, ಮೊದಲಿಂದ ಹೇಳಜ್ಜಿ" ಎಂದಳು.